ದುಗುಡಕ್ಕೆ ದೂರವಾಣಿಯೇ ಮದ್ದೇ?

ರೋಗಿಗೆ ಧೈರ್ಯ ಹೇಳುವವರಿಗೆ ಧೈರ್ಯ ಹೇಳುವವರಾರು? 2020ರಲ್ಲಿ ಕೊರೋನಾ ಹಬ್ಬಿದಾಗ ಈ ಪ್ರಶ್ನೆ ಎದ್ದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಆ ಮಾರ್ಚಿ ತಿಂಗಳಲ್ಲಿಯೇ ದೂರವಾಣಿಯ ಮೂಲಕ ಸಾಂತ್ವನ ನೀಡುವ ಏರ್ಪಾಡು ಮಾಡಿತು. ಇಂಗ್ಲೆಂಡಿನ ಸರ್ಕಾರಿ ವೈದ್ಯಸೇವೆಯ ನೌಕರರಿಗೆ ಹೆಡ್‌ಸ್ಪೇಸ್, ಸ್ಲೀಪಿಯೋ ಮೊದಲಾದ ಆ್ಯಪ್‌ಗಳು ಉಚಿತವಾಗಿ ದೊರೆತವು. ಮೊದಲನೆಯದು ಧ್ಯಾನವನ್ನು ಕಲಿಸುವುದು, ಎರಡನೆಯದು ಕೆಟ್ಟ ನಿದ್ರೆಯನ್ನು ಸರಿಪಡಿಸುವುದು. ಇವನ್ನು ನಾನು ಹಳಿಯಲಾರೆ. ರಾತ್ರಿಪಾಳಿ ಮುಗಿಸಿ ಬಂದ ದಾದಿಗೆ, ಮನೆಯವರೊಡನೆ ಆಡಲಾಗದ ಮಾತನ್ನು ಅಪರಿಚಿತರೊಡನೆ ಆಡುವುದು ಸುಲಭ; ಅದು ಮೇಲಧಿಕಾರಿಯ ಕಿವಿಗೆ ಬೀಳದೆಂಬ ಭರವಸೆ ಮಾತ್ರ ಇರಬೇಕು.

ಆದರೆ ನಮ್ಮ ಆಶಾ ಕಾರ್ಯಕರ್ತೆಯರನ್ನು ನೋಡಿರಿ. ಎಷ್ಟೋ ಸಹಪಾಠಿಗಳ ತಾಯಂದಿರೂ ಅವರಲ್ಲುಂಟು. ಮನೆಮನೆಗೆ ಹೋಗಿ ಜ್ವರದ ಲೆಕ್ಕ ಬರೆದ ಇವರು, ರಾಜ್ಯದಲ್ಲಿ ಸುಮಾರು 42,000 ಮಂದಿ, 2020ರ ಜುಲೈ 10ರಿಂದ ಮುಷ್ಕರ ಹೂಡಿದರು. ಕೇಳಿದ್ದು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸೋಂಕಿನಿಂದ ರಕ್ಷಿಸುವ ಸಾಮಗ್ರಿ. ಮುಖಗವಸಿಲ್ಲದವಳಿಗೆ ಹುಟ್ಟುವ ಭಯವನ್ನು ಮನೋವ್ಯಾಧಿಯೆನ್ನಲು ನನಗೆ ಮನಸ್ಸು ಬಾರದು. ಉಸಿರಾಡುವುದೇ ಅಪಾಯವಾಗಿದ್ದ ಆ ದಿನಗಳಲ್ಲಿ, ‘ನಿಧಾನವಾಗಿ ಉಸಿರೆಳೆದುಕೊಳ್ಳಿ’ ಎಂದು ಮೊಬೈಲು ಬೋಧಿಸಿದರೆ ಅವಳಿಗೆ ನಗು ಬಾರದೆ?

2022ರ ಅಕ್ಟೋಬರಿನಲ್ಲಿ ಟೆಲಿ-ಮಾನಸ್ ಆರಂಭವಾಯಿತು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾತನಾಡಬಹುದು. ಒಳ್ಳೆಯದೇ. ಅಲ್ಲಿ ಕೇಳಿಬರುವ ಆರೋಗ್ಯ ಸಿಬ್ಬಂದಿಯ ಸಂಕಟಗಳನ್ನು, ಹೆಸರು ಬಿಟ್ಟು, ಒಟ್ಟುಗೂಡಿಸಿ, ಯಾವ ಜಿಲ್ಲೆಯಲ್ಲಿ ಪಾಳಿ ಮಿತಿಮೀರಿದೆ, ಎಲ್ಲಿ ಸಂಬಳ ತಡವಾಗಿದೆ, ಎಲ್ಲಿ ಕೈಗವಸಿಲ್ಲ ಎಂಬುದನ್ನು ತಿಂಗಳಿಗೊಮ್ಮೆ ಆರೋಗ್ಯ ಇಲಾಖೆಯ ಮುಂದಿಡಬೇಕೆಂದು ನನ್ನ ಸೂಚನೆ.