ಮೇಷ್ಟ್ರ ರಜೆಯ ಲೆಕ್ಕ

ಬೆಳ್ಳಾವಿ ಹೋಬಳಿಯ ಪೋಷಕರೇ,

ಮೇಷ್ಟ್ರುಗಳಿಗೇನು, ವರ್ಷದಲ್ಲಿ ಅರ್ಧ ರಜೆ ಎಂಬ ಮಾತು ಸಂತೆಯಲ್ಲೂ ಪಂಚಾಯಿತಿ ಕಟ್ಟೆಯಲ್ಲೂ ಕೇಳುತ್ತದೆ. ಲೆಕ್ಕ ಹಾಕಿಯೇ ನೋಡೋಣ. 2025-26ರಲ್ಲಿ ದಸರಾಕ್ಕೆ 18 ದಿನ, ಬೇಸಿಗೆಗೆ 48 ದಿನ, ಒಟ್ಟು 66. ಇದರೊಳಗಿನ ಭಾನುವಾರ, ಸರ್ಕಾರಿ ರಜೆಗಳು ಎಲ್ಲ ನೌಕರರಿಗೂ ಇವೆ. ಅವನ್ನು ತೆಗೆದರೆ 50ರ ಆಚೀಚೆ. ತಾಲ್ಲೂಕು ಕಚೇರಿಯ ಗುಮಾಸ್ತರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ, ಶಿಕ್ಷಕರಿಗೆ 10. ಈ 20 ದಿನದ ಕೊರತೆ ಕಳೆದರೆ ಹೆಚ್ಚಿಗೆ ಉಳಿಯುವುದು ಒಂದು ತಿಂಗಳು. 2019ರಿಂದ ಕಚೇರಿಗಳಿಗೆ ನಾಲ್ಕನೇ ಶನಿವಾರವೂ ಬಿಡುವು; ಶಾಲೆಯಲ್ಲಿ ಅಂದೂ ಬೆಳಿಗ್ಗೆ ಗಂಟೆ ಹೊಡೆಯುತ್ತದೆ. ದಸರಾ, ಬೇಸಿಗೆ ರಜೆಯ ಬೆಲೆಯಲ್ಲಿ ದೊಡ್ಡ ಪಾಲನ್ನು ಶಿಕ್ಷಕರು ಗಳಿಕೆ ರಜೆ ಬಿಟ್ಟುಕೊಟ್ಟು ಮುಂಚೆಯೇ ತೆತ್ತಿದ್ದಾರೆ.

ಈಗ ಆ ಒಂದು ತಿಂಗಳಿಗೂ ಕೈ ಹಾಕಲಾಗಿದೆ. 2025ರ ದಸರಾ ರಜೆಯಲ್ಲಿ, ಸೆಪ್ಟೆಂಬರ್ 22ರಿಂದ, ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರು ಮನೆ ಮನೆ ತಿರುಗಿದರು. ಅಕ್ಟೋಬರ್ 7ಕ್ಕೆ ಮುಗಿಯಲಿಲ್ಲ. 18ರವರೆಗೆ ಸರ್ಕಾರಿ ಶಾಲೆಗಳ ಬಾಗಿಲು ತೆರೆಯಲಿಲ್ಲ. ಸಮೀಕ್ಷೆ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಬಿಡುವುದು ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರಕ್ಕೆ ಮಾತ್ರ. ಶಾಲೆ ತೆರೆದ ಮೇಲಾದರೂ ಮೇಷ್ಟ್ರು ಪೂರ್ತಿ ಪಾಠಕ್ಕೆ ಸಿಗುತ್ತಾರೆಯೇ? ಹಾಲಿನ ಪುಡಿ ಎಷ್ಟು ಉಳಿದಿದೆ, ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ಕೇಳಿದವರೆಷ್ಟು ಎಂದು ಬರೆದಿಡಬೇಕು; ಸ್ಯಾಟ್ಸ್ ಎಂಬ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಕ್ಕಳ ವಿವರ ತುಂಬಬೇಕು. ಇಬ್ಬರೇ ಶಿಕ್ಷಕರಿರುವ ಊರಿನಲ್ಲಿ ಒಬ್ಬರು ಇದಕ್ಕೆ ಕೂತರೆ ಐದು ತರಗತಿಯೂ ಇನ್ನೊಬ್ಬರ ತಲೆಗೆ.

ಸಮೀಕ್ಷೆಗೆ ಗೌರವಧನ ಕೊಟ್ಟಿಲ್ಲವೇ ಎನ್ನಬಹುದು. ಅದು ಕೆಲಸದ ಕೂಲಿ. ಹೋದ ರಜೆ ಹೋದದ್ದೇ. ಕಾರ್ಖಾನೆ ಕಾರ್ಮಿಕನಿಗೆ 20 ದಿನ ದುಡಿದರೆ ಒಂದು ದಿನ ಸಂಬಳದ ರಜೆ, ಅವನ ಮುಂದೆ ಇವರದೇನು ಕಷ್ಟ ಎನ್ನುವವರ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಮೇಷ್ಟ್ರ ರಜೆ ಕಿತ್ತರೆ ಆ ಕಾರ್ಮಿಕನಿಗೆ ಅರ್ಧ ದಿನವೂ ಸೇರದು. ಪಾಠ ಮಾಡದ ಶಿಕ್ಷಕರೂ ಇದ್ದಾರೆ, ನಿಜ. ಅವರನ್ನು ಕೇಳಬೇಕಾದದ್ದು ಜೂನ್‌ನಲ್ಲಿ, ತರಗತಿಯಲ್ಲಿ. ಇನ್ನು ಅತಿಥಿ ಶಿಕ್ಷಕರಿಗೆ ಬೇಸಿಗೆ ರಜೆಯೆಂದರೆ ಗೌರವಧನವಿಲ್ಲದ ತಿಂಗಳು. ಅವರ ರಜೆ ಕಂಡು ಹೊಟ್ಟೆಕಿಚ್ಚು ಪಡುವವರು ಯಾರು?

2027ರ ಜನಗಣತಿ ಎದುರಿಗಿದೆ, ಮತ್ತೆ ಇವರೇ ಬೇಕು. ನಿಮ್ಮೂರ ಎಸ್‌ಡಿಎಂಸಿ ಸಭೆಯಲ್ಲಿ ಒಂದು ಠರಾವು ಮಾಡಿ ತುಮಕೂರಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸಿ: ರಜೆಯಲ್ಲಿ ದುಡಿಸಿಕೊಂಡ ಪ್ರತಿ ದಿನಕ್ಕೂ ಒಂದು ದಿನ ಗಳಿಕೆ ರಜೆ ಜಮಾ ಆಗಲಿ, ಪಾಠದ ದಿನಗಳಲ್ಲಿ ಶಿಕ್ಷಕರನ್ನು ಹೊರಗೆ ಕರೆಯುವುದು ನಿಲ್ಲಲಿ.