ಬಿಚ್ಚಿ ನೋಡುವ ಹಕ್ಕು

ಬೆಂಗಳೂರಿನ ಅವೆನ್ಯೂ ರಸ್ತೆ ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಬೀದಿ. ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ ಚಾಚಿಕೊಂಡಿರುವ ಈ ರಸ್ತೆಯನ್ನು ನಾಡಿನ ವಿದ್ಯಾರ್ಥಿಗಳು ಹಳೆಯ ಪುಸ್ತಕಗಳ ಮೂಲಕ ಬಲ್ಲರು. ಒಬ್ಬರು ಓದಿ ಮುಗಿಸಿದ ಪುಸ್ತಕ ಇಲ್ಲಿ ಅರ್ಧ ಬೆಲೆಗೆ ಮತ್ತೊಬ್ಬರ ಕೈ ಸೇರುತ್ತದೆ. ಬೆನ್ನು ಕಿತ್ತುಹೋದ ಪುಸ್ತಕಕ್ಕೂ ಇಲ್ಲಿ ಗಿರಾಕಿ ಇದ್ದಾನೆ. ಇದೇ ರಸ್ತೆಯಿಂದ ಪುರಭವನದ ಕಡೆಗೆ ಸಾಗಿದರೆ ಎಸ್.ಪಿ. ರಸ್ತೆಯ ಉಪಕರಣಗಳ ಅಂಗಡಿಗಳು ಸಿಗುತ್ತವೆ. ಅದರಾಚೆ ಜೆ.ಸಿ. ರಸ್ತೆಯಲ್ಲಿ ವಾಹನಗಳ ಬಿಡಿಭಾಗಗಳ ಸಾಲುಸಾಲು ಮಳಿಗೆಗಳಿವೆ. ಪುಸ್ತಕ, ಉಪಕರಣ, ಬಿಡಿಭಾಗ, ಹೀಗೆ ದುರಸ್ತಿಗೆ ಬೇಕಾದ ಮೂರೂ ಕಾಲ್ನಡಿಗೆಯ ದೂರದಲ್ಲಿ ದೊರೆಯುವ ಪೇಟೆ ಇದು.

ಮಲೆನಾಡಿನ ಪರಿಸರ ಚಳವಳಿಗೆ ಈ ಪೇಟೆಯೊಂದಿಗೆ ಏನು ಸಂಬಂಧ ಎಂಬ ಪ್ರಶ್ನೆ ಏಳುವುದು ಸಹಜ. ಕಾಡು, ನದಿ, ಗಣಿಗಳ ಬಗ್ಗೆ ಬರೆಯಬೇಕಾದ ಪುಟಗಳಲ್ಲಿ ಬೈಕಿನ ಒಂದು ಸಣ್ಣ ಬಿಡಿಭಾಗದ ಚರ್ಚೆ ಅನಗತ್ಯವೆಂದು ತೋರಬಹುದು. ಆದರೆ ವಸ್ತುವೊಂದನ್ನು ಕೊಂಡವನಿಗೆ ಅದನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಬಳಸುವ ಹಕ್ಕು ಉಳಿದಿದೆಯೇ ಎಂಬ ಪ್ರಶ್ನೆಗೂ ಗಣಿಯ ಬಾಯಿ ಎಷ್ಟು ಅಗಲವಾಗುತ್ತದೆ ಎಂಬ ಪ್ರಶ್ನೆಗೂ ನೇರವಾದ ನಂಟಿದೆ.

ಸದ್ದಿನ ಹಿಂದಿನ ಕಾರಣ

ಗುಡ್ಡಗಾಡಿನ ಮನೆಗೆ ಬೈಕು ಐಷಾರಾಮದ ವಸ್ತುವಲ್ಲ. ಹಾಲಿನ ಕ್ಯಾನು ಡೇರಿಗೆ ಹೋಗುವುದು, ಗೊಬ್ಬರದ ಚೀಲ ತೋಟಕ್ಕೆ ಬರುವುದು, ಕೊನೆಯ ಬಸ್ಸು ತಪ್ಪಿದ ರಾತ್ರಿ ರೋಗಿ ಆಸ್ಪತ್ರೆ ತಲುಪುವುದು ಎಲ್ಲವೂ ಅದರ ಮೇಲೆಯೇ. ಒಂದು ಕಾಲಕ್ಕೆ ಈ ಏರುದಾರಿಗಳಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳು ಓಡುತ್ತಿದ್ದವು. ಅವು ಟೂ ಸ್ಟ್ರೋಕ್ ಎಂಜಿನ್ನಿನವು. ಅವುಗಳಲ್ಲಿ ಕ್ಯಾಮ್ ಶಾಫ್ಟೂ ಇರಲಿಲ್ಲ, ಅದನ್ನು ತಿರುಗಿಸುವ ಚೈನೂ ಇರಲಿಲ್ಲ. 1985ರಲ್ಲಿ ಹೀರೊ ಹೋಂಡಾ ಸಂಸ್ಥೆಯ ಸಿ.ಡಿ. 100 ಬಂದ ಬಳಿಕ ಫೋರ್ ಸ್ಟ್ರೋಕ್ ಬೈಕುಗಳು ಹಳ್ಳಿಗಳಿಗೂ ಹಬ್ಬಿದವು. ಪೆಟ್ರೋಲ್ ಉಳಿಯಿತು, ಹೊಗೆ ತಗ್ಗಿತು. ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂಬ ಅರ್ಥದ ಜಾಹೀರಾತು ಅಂದು ಮನೆಮಾತಾಗಿತ್ತು. ಆದರೆ ಯಾವ ಯಂತ್ರವೂ ಮರೆತುಬಿಡುವಂಥದ್ದಲ್ಲ.

ಫೋರ್ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗಿ ವಾಲ್ವುಗಳನ್ನು ತೆರೆದು ಮುಚ್ಚಬೇಕು. ಈ ಲೆಕ್ಕ ತಪ್ಪದಂತೆ ಎರಡನ್ನೂ ಬೆಸೆಯುವುದೇ ಗ್ಯಾರೇಜಿನವರು ಟೈಮಿಂಗ್ ಚೈನ್ ಎಂದು ಕರೆಯುವ ಕ್ಯಾಮ್ ಚೈನ್. ವರ್ಷಗಳ ಓಡಾಟದಲ್ಲಿ ಚೈನಿನ ಪಿನ್ನುಗಳು ಸವೆದು ಅದು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಉದ್ದವಾಗುತ್ತದೆ. ಆ ಸಡಿಲವನ್ನು ಒತ್ತಿ ಹಿಡಿಯುವ ಭಾಗವೇ ಟೆನ್ಷನರ್. ಟೆನ್ಷನರಿನ ಸ್ಪ್ರಿಂಗ್ ಸೋತರೆ, ಹಲ್ಲು ಸವೆದರೆ, ರಬ್ಬರು ಗಟ್ಟಿಯಾದರೆ ಚೈನು ಬಡಿಯತೊಡಗುತ್ತದೆ. ಬೆಳಗಿನ ಚಳಿಯಲ್ಲಿ ಗಾಡಿ ಚಾಲೂ ಮಾಡಿದಾಗ ಕೇಳುವ ಕಟಕಟ ಸದ್ದು ಬಹುಮಟ್ಟಿಗೆ ಇದರದ್ದು. ಅಲಕ್ಷಿಸಿದರೆ ಚೈನು ಒಳಗಿನ ಲೋಹವನ್ನು ಕೊರೆಯುತ್ತದೆ. ಒಂದು ದಿನ ಹಲ್ಲು ಜಿಗಿದು ವಾಲ್ವುಗಳ ಲೆಕ್ಕ ತಪ್ಪುತ್ತದೆ. ಕೆಲವೊಮ್ಮೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಕೆಲವು ನೂರು ರೂಪಾಯಿಯ ಭಾಗವೊಂದು ಇಡೀ ಯಂತ್ರದ ಆಯುಷ್ಯವನ್ನು ಕಾಯುತ್ತಿರುತ್ತದೆ.

ಅಂಗಳದಲ್ಲಿ ಆಗುವ ಕೆಲಸ

ಈ ದುರಸ್ತಿ ಮನೆಯಂಗಳದಲ್ಲಿ ಆಗಬಲ್ಲದು. ಮೊದಲು ಎಂಜಿನ್ ಆಯಿಲ್ ಮಟ್ಟವನ್ನೂ ಟ್ಯಾಪೆಟ್ಟಿನ ಅಂತರವನ್ನೂ ನೋಡಬೇಕು. ಆಯಿಲ್ ಕಡಿಮೆಯಾದರೂ, ಟ್ಯಾಪೆಟ್ ಸಡಿಲವಾದರೂ ಇಂಥದ್ದೇ ಸದ್ದು ಬರುತ್ತದೆ. ಕೆಲವು ಬೈಕುಗಳಲ್ಲಿ ಟೆನ್ಷನರ್ ಸಿಲಿಂಡರಿನ ಹಿಂಬದಿಯಲ್ಲಿ ಎರಡು ಬೋಲ್ಟುಗಳಿಂದ ಕುಳಿತಿರುತ್ತದೆ. ಕೆಲವು 100 ಸಿ.ಸಿ. ಎಂಜಿನ್ನುಗಳಲ್ಲಿ ಅದು ಕೆಳಭಾಗದ ಬೋಲ್ಟಿನ ಹಿಂದೆ ಸ್ಪ್ರಿಂಗ್ ಮತ್ತು ಕಡ್ಡಿಯ ರೂಪದಲ್ಲಿರುತ್ತದೆ. ಎಂಜಿನ್ ಪೂರ್ತಿ ತಣಿದಿರಬೇಕು. ಮ್ಯಾಗ್ನೆಟ್ಟಿನ ಮೇಲಿರುವ 'ಟಿ' ಗುರುತನ್ನು ಕವಚದ ಗುರುತಿಗೆ ಹೊಂದಿಸಿ, ಪಿಸ್ಟನ್ ಮೇಲ್ತುದಿಯಲ್ಲಿ ನಿಂತಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಟೆನ್ಷನರ್ ಹೊರಗಿರುವಾಗ ಕಿಕ್ಕರಿಗೆ ಕಾಲು ತಾಗಿಸಲೇಬಾರದು. ಎಂಜಿನ್ ತಿರುಗಿದರೆ ಚೈನು ಹಲ್ಲು ಜಿಗಿಯುವ ಅಪಾಯವಿದೆ. ಹೊಸ ಟೆನ್ಷನರಿನ ಕಡ್ಡಿಯನ್ನು ಒಳಕ್ಕೆ ಸರಿಸಿ, ಹೊಸ ಗ್ಯಾಸ್ಕೆಟ್ ಇಟ್ಟು, ಬೋಲ್ಟುಗಳನ್ನು ಸಮನಾಗಿ ಬಿಗಿದು, ಬಳಿಕ ಕಡ್ಡಿಯನ್ನು ಬಿಡಬೇಕು. ಚಾಲೂ ಮಾಡುವ ಮೊದಲು ಎಂಜಿನ್ನನ್ನು ಕೈಯಿಂದ ನಿಧಾನವಾಗಿ ಎರಡು ಸುತ್ತು ತಿರುಗಿಸಿ, ಎಲ್ಲಿಯೂ ತಡೆ ಇಲ್ಲವೆಂದು ನೋಡಬೇಕು. ಹಳೆಯ ಟೆನ್ಷನರಿನ ಕಡ್ಡಿ ಪೂರ್ತಿ ಹೊರಚಾಚಿದ್ದರೆ ಚೈನೇ ಸವೆದಿದೆ ಎಂದರ್ಥ. ಆಗ ಅನುಭವಿ ಮೆಕ್ಯಾನಿಕ್ಕಿನ ಬಳಿಗೆ ಹೋಗುವುದೇ ವಿವೇಕ.

ಇಷ್ಟು ತಿಳಿವಳಿಕೆ ಹಿಂದೆ ಊರಿನ ಮೆಕ್ಯಾನಿಕ್ಕಿನ ಕಿವಿಯಲ್ಲಿತ್ತು. ಹಳೆಯ ಪುಸ್ತಕದಂಗಡಿಯ ಕೈಪಿಡಿಯಲ್ಲಿ, ನೆರೆಮನೆಯ ಹುಡುಗನ ಸ್ಪ್ಯಾನರಿನಲ್ಲಿತ್ತು. ಈಗ ಪರಿಸ್ಥಿತಿ ಬದಲಾಗಿದೆ. ಬಿಡಿಯಾಗಿ ಸಿಗುತ್ತಿದ್ದ ಭಾಗ ಇಡೀ ಸೆಟ್ಟಿನೊಂದಿಗೆ ಮಾತ್ರ ಸಿಗುತ್ತದೆ ಎಂಬ ಉತ್ತರ ಹಲವೆಡೆ ಕೇಳಿಬರುತ್ತದೆ. ಕೈಪಿಡಿ ಸಂಸ್ಥೆಯ ವರ್ಕ್‌ಶಾಪಿನ ಹೊರಗೆ ಸುಲಭವಾಗಿ ದೊರೆಯದು. ಕನ್ನಡದಲ್ಲಿ ದೊರೆಯುವುದಂತೂ ಅಪರೂಪ. 2020ರ ಏಪ್ರಿಲ್‌ನಿಂದ ಬಿ.ಎಸ್. 6 ಮಾನದಂಡ ಜಾರಿಯಾದ ಮೇಲೆ ಕಾರ್ಬುರೇಟರಿನ ಜಾಗಕ್ಕೆ ಇಂಧನ ಇಂಜೆಕ್ಷನ್ನೂ ಸೆನ್ಸರುಗಳೂ ಬಂದಿವೆ. ಅವುಗಳ ದೋಷ ಓದಲು ಬೇಕಾದ ಉಪಕರಣ ಸಣ್ಣ ಗ್ಯಾರೇಜಿನವನಿಗೆ ದುಬಾರಿ. ಕ್ಯಾಮ್ ಚೈನು ಮಾತ್ರ ಹಳೆಯ ರೀತಿಯದೇ ಆಗಿದ್ದರೂ ಬಿಚ್ಚಬಾರದೆಂಬ ಅಂಜಿಕೆ ಎಲ್ಲ ಭಾಗಗಳಿಗೂ ಹಬ್ಬಿದೆ. ಕೊನೆಗೆ ಸದ್ದು ಮಾಡುವ ಗಾಡಿ ಗುಜರಿಗೆ, ಸಾಲದ ಗಾಡಿ ಮನೆಗೆ.

ಬೀಜಕ್ಕಿರುವ ನ್ಯಾಯ ಯಂತ್ರಕ್ಕಿಲ್ಲವೇಕೆ?

ಕೃಷಿಕರಿಗೆ ಈ ಕಥೆ ಹೊಸದೇನಲ್ಲ. ಬೀಜದ ವಿಷಯದಲ್ಲಿ ಇದೇ ನಡೆದಿತ್ತು. ಮನೆಯಲ್ಲಿ ಕಾದಿಟ್ಟು ಬಿತ್ತುತ್ತಿದ್ದ ಬೀಜದ ಜಾಗಕ್ಕೆ ಪ್ರತಿ ವರ್ಷ ಕೊಳ್ಳಬೇಕಾದ ಹೈಬ್ರಿಡ್ ಬೀಜ ಬಂದಾಗ ರೈತ ಚಳವಳಿಗಳು ಪ್ರಶ್ನೆ ಎತ್ತಿದವು. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ತಾನು ಬೆಳೆದ ಬೀಜವನ್ನು ಉಳಿಸುವ, ಮತ್ತೆ ಬಿತ್ತುವ, ಹಂಚಿಕೊಳ್ಳುವ, ಬ್ರಾಂಡಿನ ಹೆಸರಿಲ್ಲದೆ ಮಾರುವ ರೈತನ ಹಕ್ಕನ್ನು ಮಾನ್ಯ ಮಾಡಿತು. ತಳಿಯನ್ನು ರೂಪಿಸಿದವನಿಗೆ ಹಕ್ಕಿದ್ದರೂ ಬಿತ್ತಿ ಬೆಳೆದವನ ಕೈ ಕಟ್ಟುವಂತಿಲ್ಲ ಎಂಬುದೇ ಅದರ ಹಿಂದಿನ ತತ್ವ. ಬೈಕು, ಪಂಪ್‌ಸೆಟ್ಟು, ಕಳೆ ಕೊಚ್ಚುವ ಯಂತ್ರ, ಟಿಲ್ಲರುಗಳಿಗೂ ಈ ತತ್ವ ಅನ್ವಯವಾಗಬೇಕು. ದುಡ್ಡು ತೆತ್ತು ಕೊಂಡವನಿಗೆ ಬೋಲ್ಟು ಬಿಚ್ಚುವ ಹಕ್ಕಿಲ್ಲವಾದರೆ ಅವನು ಮಾಲೀಕನಲ್ಲ, ಬಾಡಿಗೆದಾರ.

ಈ ವಿಚಾರ ಸರ್ಕಾರಕ್ಕೂ ತಿಳಿಯದ್ದಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಬಿಡಿಭಾಗಗಳನ್ನೂ ತಪಾಸಣಾ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಆ ಆದೇಶ ಮುಂದೆ ಮೇಲ್ಮನವಿಗಳ ಹಾದಿ ಹಿಡಿಯಿತು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿ, ವಾಹನ ಮತ್ತು ಕೃಷಿ ಉಪಕರಣಗಳೂ ಸೇರಿದಂತೆ ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು. ಅದೇ ಡಿಸೆಂಬರಿನಲ್ಲಿ ಜಾಲತಾಣವೊಂದು ಆರಂಭವಾಯಿತು. ಜಾಲತಾಣ ಕಾನೂನಿಗೆ ಸಮನಲ್ಲ. ಇನ್ನೊಂದೆಡೆ, 2022ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಬೈಕಿನ ನೋಂದಣಿ ನವೀಕರಣ ಶುಲ್ಕ 300 ರೂಪಾಯಿಯಿಂದ 1,000ಕ್ಕೆ ಏರಿತು. ಹಳೆಯದನ್ನು ಕಳಚಿಕೊಳ್ಳಿ ಎಂಬ ಸಂದೇಶ ಮಾತ್ರ ಸ್ಪಷ್ಟವಾಗಿದೆ.

ಹಳೆಯ ಗಾಡಿಯೇ ಹೆಚ್ಚು ಮಾಲಿನ್ಯ ಮಾಡುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆಯಿಲ್ ಸುಟ್ಟು ನೀಲಿ ಹೊಗೆ ಉಗುಳುವ ಎಂಜಿನ್ನನ್ನು ರಿಪೇರಿಯ ಹೆಸರಿನಲ್ಲಿ ಎಳೆದಾಡುವುದು ಪರಿಸರಪ್ರೇಮವಲ್ಲ. ಮನೆ ದುರಸ್ತಿಗೂ ತನ್ನದೇ ಪಾಪವಿದೆ. ಬಸಿದ ಹಳೆಯ ಆಯಿಲನ್ನು ಹಳ್ಳಕ್ಕೆ ಚೆಲ್ಲುವುದು, ಗೆದ್ದಲು ಬಾರದಿರಲೆಂದು ಬೇಲಿಯ ಗೂಟಗಳಿಗೆ ಬಳಿಯುವುದು ಮಲೆನಾಡಿನಲ್ಲಿ ಸಾಮಾನ್ಯ. ಸವೆದ ಲೋಹದ ಕಣಗಳೂ ವಿಷಕಾರಿ ಹೈಡ್ರೋಕಾರ್ಬನ್ನುಗಳೂ ಸೇರಿದ ಆ ಎಣ್ಣೆ ಮಣ್ಣಿನ ರಂಧ್ರಗಳನ್ನು ಮುಚ್ಚಿ, ಬೇರಿಗೆ ಗಾಳಿ ತಪ್ಪಿಸಿ, ಎರೆಹುಳುವಿಗೂ ಸೂಕ್ಷ್ಮಜೀವಿಗಳಿಗೂ ಕುತ್ತು ತರುತ್ತದೆ. ದುರಸ್ತಿಯ ಹಕ್ಕು ಕೇಳುವವರು ಈ ಹೊಣೆಯನ್ನೂ ಹೊರಬೇಕು.

ಆದರೂ ಲೆಕ್ಕದ ಇನ್ನೊಂದು ಬದಿ ಭಾರವಾಗಿದೆ. ಕುದುರೆಮುಖದ ಅದಿರು ಭದ್ರೆಯ ನೀರನ್ನು ಕೆಂಪಾಗಿಸಿ ಹಡಗು ಹತ್ತಿದ ದಶಕಗಳನ್ನು ಈ ಸೀಮೆ ಮರೆತಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿ ನಿಂತಿತು. ಆದರೆ ಕಬ್ಬಿಣದ ಹಸಿವು ನಿಲ್ಲಲಿಲ್ಲ. ಅದರ ಬೆಲೆಯನ್ನು ಬಳ್ಳಾರಿ ತೆತ್ತಿತು. ಒಂದು ಟೆನ್ಷನರ್ ಬದಲಾಯಿಸಿದರೆ ಇನ್ನೂ ಐದಾರು ವರ್ಷ ಓಡಬಹುದಾದ ಯಂತ್ರವನ್ನು ಗುಜರಿಗೆ ಹಾಕಿದಾಗ ಅದರ ಬದಲಿಗೆ ಬೇಕಾದ ಉಕ್ಕು, ಅಲ್ಯೂಮಿನಿಯಂ, ವಿದ್ಯುತ್ತು ಯಾವುದೋ ಬೆಟ್ಟದಿಂದ, ಯಾವುದೋ ನದಿಯಿಂದ ಬರಬೇಕು. ನಮ್ಮ ಬೆಟ್ಟ ಉಳಿಯಲಿ, ಅದಿರು ಬೇರೆಯವರ ಬೆಟ್ಟದಿಂದ ಬರಲಿ ಎಂಬ ನಿಲುವು ಚಳವಳಿಗೆ ಶೋಭೆ ತಾರದು.

ಆದ್ದರಿಂದ ಮಲೆನಾಡಿನ ಸಂಘಟನೆಗಳು ತಮ್ಮ ಹಕ್ಕೊತ್ತಾಯಗಳಲ್ಲಿ ದುರಸ್ತಿಯ ಹಕ್ಕನ್ನೂ ಸೇರಿಸಬೇಕಾಗಿದೆ. ವಾಹನ ಮತ್ತು ಕೃಷಿ ಯಂತ್ರಗಳ ಕೈಪಿಡಿಗಳು ಕನ್ನಡದಲ್ಲಿ ಎಲ್ಲರಿಗೂ ದೊರೆಯಬೇಕು. ಬಿಡಿಭಾಗಗಳು ಬಿಡಿಯಾಗಿಯೇ, ಮಾರಾಟ ನಿಂತ ಬಳಿಕವೂ ನಿಗದಿತ ವರ್ಷಗಳ ಕಾಲ ಸಿಗಬೇಕು. ಇವೆರಡೂ ಕಾನೂನಿನ ರೂಪ ಪಡೆಯಬೇಕು. ಕಾನೂನಿಗೆ ಕಾಯದೆ ಆಗಬಹುದಾದ ಕೆಲಸಗಳೂ ಇವೆ. ಸಹಕಾರಿ ಸಂಘಗಳು ಊರಿಗೊಂದು ಉಪಕರಣ ಪೆಟ್ಟಿಗೆ ಮತ್ತು ಬಳಸಿದ ಆಯಿಲ್ ಸಂಗ್ರಹಿಸುವ ಒಂದು ಡ್ರಮ್ಮು ಇಡಬಹುದು. ಊರಿನ ಮೆಕ್ಯಾನಿಕ್ಕನ್ನು ಶಾಲೆಗೆ ಕರೆಸಿ, ಮಕ್ಕಳ ಎದುರು ಒಂದು ಎಂಜಿನ್ ಬಿಚ್ಚಿಸಬಹುದು.

ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಕೊಂಡವನಿಗೆ ಹಾಳೆ ಅಂಟಿಸಬೇಡ, ರಟ್ಟು ಕಟ್ಟಿಸಬೇಡ ಎಂದು ಯಾರೂ ಹೇಳುವುದಿಲ್ಲ. ಬೈಕು ಕೊಂಡವನಿಗೂ ಅಷ್ಟೇ ಸ್ವಾತಂತ್ರ್ಯ ಸಲ್ಲಬೇಕು.