ತಂಗೂಸಿ ಪುರಾಣ

ಬ್ಲಾಗ್ ಕಡೆ ತಲೆ ಹಾಕದೆ ತಿಂಗಳ ಮೇಲಾಯ್ತು. ಕಾರಣ ಮೀನು. ಸಸ್ಯಾಹಾರಿ ಮಿತ್ರರು ಕ್ಷಮಿಸಬೇಕು, ಇವತ್ತಿನ ಪೋಸ್ಟ್ ಪೂರ್ತಿ ಮೀನಿಂದೇ. ಸರಿಯಾಗಿ ಹೇಳಬೇಕಂದ್ರೆ ಮೀನು ಹಿಡಿಯೋ ದಾರದ್ದು :-)

ನಾನಿರೋದು ಮಿನೆಸೋಟಾದಲ್ಲಿ. ಇಲ್ಲಿ ಚಳಿಗಾಲದಲ್ಲಿ ಕೆರೆಗಳೆಲ್ಲ ಕಲ್ಲಾಗಿಬಿಡುತ್ತವೆ. ಐಸು 4 ಇಂಚು ದಪ್ಪ ಆದ್ಮೇಲೆ ನಡ್ಕೊಂಡು ಹೋಗಬಹುದು ಅನ್ನೋದು ಇಲ್ಲಿನ ಇಲಾಖೆಯ ಲೆಕ್ಕ. ಅಗರ್‌ನಿಂದ ತೂತು ಕೊರೆದು, ಮೊಣಕೈ ಉದ್ದದ ಕೋಲು ಹಿಡ್ಕೊಂಡು, ಬಕೆಟ್ಟು ಬೋರಲು ಹಾಕಿ ಕೂರೋದು. ಮೊದಲ ವರ್ಷ ನೋಡಿ ನಕ್ಕಿದ್ದೆ. ಈಗ ಮನೆಯಲ್ಲಿ ನನ್ನ ನೋಡಿ ನಗ್ತಾರೆ.

ಕುಂದಾಪುರದ ಕಡೆ ನಾವು ಗಾಳದ ದಾರಕ್ಕೆ ತಂಗೂಸಿ ಅಂತಿದ್ವಿ. ಅಂಗಡಿಗೆ ಹೋಗಿ 'ತಂಗೂಸಿ ಕೊಡಿ' ಅಂದ್ರೆ ಮುಗೀತು, ಯಾವುದು ಏನು ಅಂತ ಯಾರೂ ಕೇಳ್ತಿರಲಿಲ್ಲ. ಇಲ್ಲಿ ದಾರಕ್ಕೇ ಒಂದು ಗೋಡೆ ಪೂರ್ತಿ ಮೀಸಲು. ಅಂಗಡಿಯ ಹುಡುಗ ನನಗೆ ಮೊದಲ ಸಲ ಮಾರಿದ್ದು 6 ಪೌಂಡಿನ ಫ್ಲೂರೋಕಾರ್ಬನ್. 'ನೀರಲ್ಲಿ ಕಾಣೋದೇ ಇಲ್ಲ, ಗಟ್ಟಿನೂ ಹೌದು' ಅಂದ. ಎರಡು ವಾರಾಂತ್ಯ ಒಂದು ಮೀನೂ ಇಲ್ಲ. ಪಕ್ಕದ ತೂತಿನ ಅಜ್ಜ ಮಾತ್ರ ಬ್ಲೂಗಿಲ್ ಮೇಲೆ ಬ್ಲೂಗಿಲ್ ಎಳೀತಿದ್ದ. ಕೊನೆಗೆ ಎದ್ದು ಬಂದು ನನ್ನ ದಾರ ಬೆರಳಲ್ಲಿ ಹಿಡಿದು ನೋಡಿ, 'ಇದು ದಾರ ಅಲ್ಲ, ಸ್ಪ್ರಿಂಗು' ಅಂದ.

ನಿಜ. ನಾನು ಕಟ್ಟಿದ್ದ ಜಿಗ್ಗು ಒಂದು ಔನ್ಸಿನ 64ನೇ ಒಂದು ಭಾಗ, ಅಂದ್ರೆ ಅರ್ಧ ಗ್ರಾಮಿಗೂ ಕಮ್ಮಿ. ಸಣ್ಣ ರೀಲಿನಲ್ಲಿ ಸುತ್ತಿಟ್ಟ ದಾರ ಚಳಿಗೆ ಸೆಟೆದು ಸುರುಳಿ ಸುರುಳಿಯಾಗೇ ನೀರಿಗಿಳಿಯುತ್ತೆ. ಅದನ್ನ ನೆಟ್ಟಗೆ ಮಾಡೋಷ್ಟು ತೂಕ ಆ ಜಿಗ್ಗಿಗೆ ಇಲ್ಲ. ಐಸಿನ ಕೆಳಗಿನ ತಣ್ಣೀರಲ್ಲಿ ಮೀನುಗಳಿಗೂ ಮೈಗಳ್ಳತನ, ಬೇಸಿಗೆಯ ಹಾಗೆ ಕಚ್ಚಿ ಎಳೆಯೋದಿಲ್ಲ. ಹತ್ತಿರ ಬಂದು ಸುಮ್ನೆ ಬಾಯೊಳಗೆ ಹೀರ್ಕೊಂಡು, ರುಚಿ ಹಿಡಿಸದಿದ್ರೆ ಉಗಿದುಬಿಡುತ್ತೆ. ದಾರ ಸುರುಳಿಯಾಗಿದ್ರೆ ಅದು ಹೀರಿದ್ದೂ ಉಗಿದದ್ದೂ ಆ ಸುರುಳಿಯಲ್ಲೇ ಕರಗಿಹೋಗುತ್ತೆ, ಮೇಲೆ ಕೂತವನಿಗೆ ಸುದ್ದಿಯೇ ಇಲ್ಲ!

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಸಣ್ಣ ಜಿಗ್ಗಿಗೆ ದಾರ ಕಾಣುತ್ತೋ ಇಲ್ವೋ ಅನ್ನೋದು ಆಮೇಲಿನ ಮಾತು, ಅದು ಮೆತ್ತಗಿರಬೇಕು. 2 ಪೌಂಡಿನ ನೈಲಾನ್ ಸುಮಾರು 0.13 ಮಿಲಿಮೀಟರ್, 6 ಪೌಂಡಿಂದು ಸುಮಾರು 0.23. ನೋಡೋಕೆ ಏನ್ ಮಹಾ ಅನ್ಸುತ್ತೆ. ಆದ್ರೆ ಉರುಟು ದಾರದ ಬಿಗುವು ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತೆ (ಇಂಜಿನಿಯರಿಂಗ್ ಓದಿದ್ದು ಒಂದು ಕಡೆಯಾದ್ರೂ ಉಪಯೋಗಕ್ಕೆ ಬಂತು). ಲೆಕ್ಕ ಹಾಕಿ, ಹೆಚ್ಚುಕಮ್ಮಿ ಹತ್ತು ಪಟ್ಟು!

ಫ್ಲೂರೋಕಾರ್ಬನ್ ಕೆಟ್ಟದ್ದು ಅಂತಲ್ಲ. ಜಪಾನಿನ ಕುರೇಹ ಕಂಪನಿ 1971ರಲ್ಲೇ ಮೀನಿನ ದಾರವಾಗಿ ತಂದದ್ದು. ನೀರು ಹೀರಲ್ಲ, ಬೇಗ ಮುಳುಗುತ್ತೆ. 'ಕಾಣೋದೇ ಇಲ್ಲ' ಅನ್ನೋದು ಮಾತ್ರ ಅಂಗಡಿಯವರ ಮಾತು. ನೀರಿನ ವಕ್ರೀಭವನಾಂಕ 1.33, ಇದರದ್ದು 1.42, ನೈಲಾನಿಂದು 1.5ರ ಮೇಲೆ. ಅಂದ್ರೆ ಕಮ್ಮಿ ಕಾಣುತ್ತೆ, ಅಷ್ಟೇ. ಮೇಲೆ ಅರ್ಧ ಅಡಿ ಹಿಮ ಬಿದ್ದಿರೋ ಕೆರೆಯ ಕತ್ತಲಲ್ಲಿ, ಕೂದಲಿನಂಥ ದಾರಕ್ಕೆ ಇದೊಂದು ಚಿಂತೆಯಾ? ಅದೇ ದಪ್ಪದ ನೈಲಾನಿಗಿಂತ ಬಿಗುವಂತೂ ಜಾಸ್ತಿ.

ಹೆಣೆದ ದಾರ, ಅದೇ ಬ್ರೇಡ್, ಹಿಗ್ಗೋದಿಲ್ಲ, ಸುರುಳಿಯೂ ಆಗಲ್ಲ. ಆದ್ರೆ ಎಳೆಗಳ ನಡುವೆ ನೀರು ಹಿಡ್ಕೊಂಡು ಮೇಲೆ ಬಂದು ಕೋಲಿನ ಉಂಗುರದಲ್ಲೇ ಹೆಪ್ಪುಗಟ್ಟುತ್ತೆ. ಹೀಟರ್ ಇರೋ ಟೆಂಟಿನೊಳಗೆ ಕೂತು, ಆಳದಲ್ಲಿ ಭಾರದ ಜಿಗ್ಗು ಬಿಟ್ಟು ವಾಲೈ ಹಿಡಿಯೋರಿಗೆ ಭೇಷ್. ಬಯಲಲ್ಲಿ ಬಕೆಟ್ ಮೇಲೆ ಕೂರೋ ನನ್ನಂಥವನಿಗಲ್ಲ.

ಈಗ ತಪ್ಪೊಪ್ಪಿಗೆ. ತೆಳು ದಾರ ಅಂತ ಇಷ್ಟು ಹೊಗಳ್ತಿದೀನಲ್ಲ, ಹೋದ ಚಳಿಗಾಲ ಅದೇ ನನಗೆ ಪಾಠ ಕಲಿಸ್ತು. 2 ಪೌಂಡಿನದ್ದೇ, ಆದ್ರೆ ಹಿಂದಿನ ವರ್ಷದ್ದು. ಸೋಮಾರಿತನ. ಸಂಜೆ ಹೊತ್ತಿಗೆ ಒಂದು ಕ್ರಾಪಿ ಸಿಕ್ತು, ತೂತಿನ ಬಾಯಿಗೆ ತಲೆ ಬಂದಾಗ ನೋಡ್ತೀನಿ, ಅಷ್ಟು ದೊಡ್ಡದು ಹಿಡಿದೇ ಇರಲಿಲ್ಲ. ಐಸಿನ ಅಂಚಿಗೆ ದಾರ ಉಜ್ಜಿತು, ಪಟ್. ಜಿಗ್ಗು ತುಟಿಯಲ್ಲೇ ಸಿಕ್ಕಿಸಿಕೊಂಡು ಅದು ಕೆಳಗೆ ಹೋಯ್ತು. ಮೀನು ಹೋಯ್ತಲ್ಲ ಅಂತ ಬೇಜಾರಿಲ್ಲ, ತಿನ್ನೋಕೆ ಬೇರೆ ಇದ್ವು. ಆ ಬಾಯಲ್ಲಿ ಕಬ್ಬಿಣ ಬಿಟ್ಟೆನಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪಯ್ಯ ಹೊಳೆ ದಂಡೆಯಲ್ಲಿ ಗಾಳ ಹಾಕೋ ಮೊದಲು ತಂಗೂಸಿಯನ್ನ ಬೆರಳ ಸಂದಿಯಲ್ಲಿ ಉದ್ದಕ್ಕೂ ಎಳೆದು ನೋಡ್ತಿದ್ರು. ಯಾಕೆ ಅಂತ ಆಗ ಕೇಳಿರಲಿಲ್ಲ.

ಈಗ ನಾನೂ ಅದೇ ಮಾಡ್ತೀನಿ. ಕೊನೆಯ ಎರಡು ಅಡಿ ಬೆರಳಲ್ಲಿ ಸವರಿ, ಎಲ್ಲಾದ್ರೂ ತರಿತರಿ ಸಿಕ್ಕಿದ್ರೆ ಕತ್ತರಿಸಿ ಹೊಸದಾಗಿ ಕಟ್ಟೋದು. ಗಂಟು ಬಿಗಿಯೋ ಮುಂಚೆ ಉಗುಳಲ್ಲಿ ಒದ್ದೆ ಮಾಡ್ಬೇಕು, ಇಲ್ಲದಿದ್ರೆ ಉಜ್ಜಿದ ಬಿಸಿಗೇ ದಾರ ಸೋಲುತ್ತೆ. ಪ್ರತಿ ಮೀನು ಬಿಡಿಸಿದ ಮೇಲೆ ಗಂಟನ್ನ ಜಿಗ್ಗಿನ ಕಣ್ಣಿನ ಮೇಲಕ್ಕೇ ತಳ್ಳಿಡಬೇಕು, ಹುಳದ ಹಾಗೆ ಅಡ್ಡಡ್ಡ ತೂಗೋ ಜಿಗ್ಗೇ ಚೆನ್ನ. ದಾರ ತಿರುಚಿ ಜಿಗ್ಗು ಬುಗುರಿ ಹಾಗೆ ಸುತ್ತೋಕೆ ಶುರುವಾದ್ರೆ ಬ್ಲೂಗಿಲ್ ಬಂದು ನೋಡಿ ವಾಪಸ್ ಹೋಗುತ್ತೆ. ಅದಕ್ಕೆ ಎರಡಡಿ ಮೇಲೆ ಒಂದು ಸಣ್ಣ ಸ್ವಿವೆಲ್. ಕ್ರಾಪಿ ಜಾಸ್ತಿ ಇರೋ ಕೆರೆಗೆ 3 ಪೌಂಡು. ಸೀಸದ ಜಿಗ್ಗು ಬಿಟ್ಟು ಟಂಗ್‌ಸ್ಟನ್ ತಗೊಂಡ್ರೆ ಅದೇ ಗಾತ್ರಕ್ಕೆ ಒಂದೂವರೆ ಪಟ್ಟು ತೂಕ, ದಾರ ತಾನಾಗೇ ನೆಟ್ಟಗಾಗುತ್ತೆ. ಸೀಸ ನುಂಗಿ ಇಲ್ಲಿನ ರಾಜ್ಯಪಕ್ಷಿ ಲೂನ್ ಸಾಯುತ್ತೆ ಅನ್ನೋದು ಇನ್ನೊಂದು ಕಾರಣ.

ಕತ್ತರಿಸಿದ ತುಂಡುಗಳು ಜೇಬಿಗೆ. ಐಸ್ ಮೇಲೆ ಬಿಟ್ರೆ ವಸಂತದಲ್ಲಿ ಕರಗಿ ನೇರ ಕೆರೆಗೆ, ಅದೇ ಹೊತ್ತಿಗೆ ಲೂನುಗಳೂ ವಾಪಸ್ ಬರುತ್ತವೆ. ನನ್ನ ಜಾಕೆಟ್ ಜೇಬು ತಂಗೂಸಿ ಗೂಡಾಗಿದೆ, ವಾಷಿಂಗ್ ಮೆಷಿನ್‌ಗೆ ಹಾಕೋವಾಗಲೆಲ್ಲ ಮನೆಯಲ್ಲಿ ಅರ್ಚನೆ ನಡೆಯುತ್ತೆ.

ನಾಳೆ ಶನಿವಾರ. ಹೊಸ ದಾರ ಸುತ್ತಿ ಆಗಿದೆ. ಅಂದಹಾಗೆ, ಈ ತಂಗೂಸಿಗೆ ನಿಮ್ಮ ಕಡೆ ಏನಂತಾರೆ? ಘಟ್ಟದ ಮೇಲಿನವರು ದಯವಿಟ್ಟು ತಿಳಿಸಿ.